ನೆಲ, ಬೆಂಚು, ಕುರ್ಚಿ

ನಮ್ಮ ಮನೆಯ ದೇವರ ಗೂಡಿನಲ್ಲಿ, ಕುಂಕುಮದ ಭರಣಿಯ ಕೆಳಗೆ, ಒಂದು ಹಳೆಯ ಲಕೋಟೆ ಇದೆ. ಯಾರದೋ ಮದುವೆಯ ಕರೆಯೋಲೆ ಬಂದ ಲಕೋಟೆಯನ್ನೇ ಒಳಹೊರಗು ಮಾಡಿ ಅಂಟಿಸಿದ್ದು. ಅದರೊಳಗೆ 260 ರೂಪಾಯಿ. ಎರಡು ನೂರರ ನೋಟು, ಒಂದು ಐವತ್ತರದು, ಒಂದು ಹತ್ತರದು. ಆ ದುಡ್ಡು ನನ್ನದೋ ಅಥವಾ ಕೊಟ್ಟುಹೋದವಳದೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಹಾಲಿನವನಿಗೆ ಚಿಲ್ಲರೆ ಸಾಲದೆ ಹೋದಾಗಲೂ ನಾನು ಅದಕ್ಕೆ ಕೈ ಹಾಕಿಲ್ಲ. ಅದರ ನೆಪದಲ್ಲಿ ಒಂದು ಪ್ರಶ್ನೆ ಮಾತ್ರ ನನ್ನ ತಲೆಗೆ ಹತ್ತಿಕೊಂಡುಬಿಟ್ಟಿದೆ. ಒಂದೇ ಸಿನಿಮಾಕ್ಕೆ ಒಬ್ಬೊಬ್ಬರಿಂದ ಒಂದೊಂದು ಬೆಲೆ ತೆಗೆದುಕೊಳ್ಳುವುದು ನ್ಯಾಯವೇ?

ನಮ್ಮ ಮನೆ ಚಂದಾಪುರದಲ್ಲಿ. ಹೊಸೂರು ರಸ್ತೆಯಿಂದ ಆನೇಕಲ್ಲಿನ ಕಡೆಗೆ ತಿರುಗುವಲ್ಲಿ ಸಿಗುವ ಊರು. ನಾವು ಮನೆ ಕಟ್ಟಿದಾಗ ಸುತ್ತ ರಾಗಿ ಹೊಲ, ನೀಲಗಿರಿ ತೋಪು. ಈಗ ಬೊಮ್ಮಸಂದ್ರದ ಕಾರ್ಖಾನೆಗಳಿಗೆ ಹೋಗುವವರು, ಎಲೆಕ್ಟ್ರಾನಿಕ್ ಸಿಟಿಯ ಕಂಪ್ಯೂಟರ್ ಕಂಪನಿಗಳಿಗೆ ಹೋಗುವವರು ಎಲ್ಲರೂ ಒಂದೇ ಬೀದಿಯಲ್ಲಿದ್ದಾರೆ. ತಿಂಗಳಿಗೆ ಲಕ್ಷ ತರುವವನೂ, ಓವರ್‌ಟೈಮ್ ಮಾಡಿ ಬೆರಳು ಬಾತುಕೊಂಡು ಬರುವವಳೂ ಒಂದೇ ಗಾಡಿಯಲ್ಲಿ ಒಂದೇ ಬೆಲೆಗೆ ಕೊತ್ತಂಬರಿ ಸೊಪ್ಪು ಕೊಳ್ಳುತ್ತಾರೆ. ನಮ್ಮ ಮಹಡಿಯ ಮೇಲಿನ ಕೋಣೆಯಲ್ಲಿ ನಾಲ್ಕು ಹುಡುಗಿಯರು ಬಾಡಿಗೆಗಿದ್ದಾರೆ, ಗಾರ್ಮೆಂಟ್ಸಿಗೆ ಹೋಗುವವರು. ಅವರಲ್ಲಿ ಲಿಂಗಸೂಗೂರಿನ ಕಡೆಯವಳು ಒಬ್ಬಳಿಗೆ ಸಿನಿಮಾ ಹುಚ್ಚು. ಬಟ್ಟೆ ಒಗೆಯುವಾಗಲೂ ಹಾಡು, ಒಣಗಿಸುವಾಗಲೂ ಹಾಡು.

2025ರ ಅಕ್ಟೋಬರ್‌ನಲ್ಲಿ ಒಂದು ಭಾನುವಾರ ನನ್ನ ಮಗಳು ಬಂದಿದ್ದಳು. ಹೊಸದಾಗಿ ಬಿಡುಗಡೆಯಾದ ಒಂದು ಕನ್ನಡ ಸಿನಿಮಾಕ್ಕೆ ಹೋಗೋಣ ಎಂದಳು. ಮೇಲಿನ ಹುಡುಗಿಯನ್ನೂ ಕರೆದೆವು. "ಟಿಕೀಟು ಎಷ್ಟಾಕ್ಕೈತಿ ಹೇಳ್ರಿ ಮೇಡಂ. ಪುಕ್ಕಟೆ ಆದ್ರ ನಾ ಬರಂಗಿಲ್ಲ," ಎಂದು ಅವಳು ಮೊದಲೇ ಖಂಡಿತ ಮಾಡಿದಳು. ಮಗಳು ಫೋನಿನಲ್ಲಿ ನೋಡಿ ನನ್ನ ಕಿವಿಯಲ್ಲಿ ಹೇಳಿದ್ದು 380 ರೂಪಾಯಿ. ಅವಳು ದಿನವಿಡೀ ಕಾಲರ್ ಹೊಲಿದು ಸಂಪಾದಿಸುವುದರ ಬಹುಪಾಲು. ನಾನು ಒಂದು ಕ್ಷಣವೂ ಯೋಚಿಸದೆ, "120 ಅಂತೆ ಕಣಮ್ಮ, ಏನೋ ಆಫರ್ ಇದೆಯಂತೆ," ಎಂದುಬಿಟ್ಟೆ. ಮೂವತ್ತು ವರ್ಷ ಮಕ್ಕಳಿಗೆ ಸತ್ಯ ಹೇಳಿ ಎಂದು ಪಾಠ ಮಾಡಿದ ನಾಲಿಗೆ ಅದು. ಅವಳು ಆಗಲೇ 120 ರೂಪಾಯಿ ಎಣಿಸಿ ನನ್ನ ಕೈಗಿಟ್ಟಳು. ಬೊಮ್ಮಸಂದ್ರದಲ್ಲಿ ಮೆಟ್ರೊ ಹತ್ತಿ ಹೋದೆವು, ಸಿನಿಮಾ ನೋಡಿದೆವು. ಚೆನ್ನಾಗಿತ್ತು.

ಬರುವಾಗ ಮಗಳು ಇನ್ನೊಂದು ವಿಷಯ ಹೇಳಿದಳು. ಇದೇ ಸಿನಿಮಾ, ಇದೇ ಪರದೆ, ಇದೇ ಸೀಟು ಮಂಗಳವಾರ ಬೆಳಗಿನ ಆಟಕ್ಕೆ 150 ರೂಪಾಯಿಯಂತೆ. "ಹಾಗಾದರೆ ಮಂಗಳವಾರವೇ ಬರಬಹುದಿತ್ತಲ್ಲೇ," ಎಂದೆ. "ಅಮ್ಮಾ, ಮಂಗಳವಾರ ಬೆಳಿಗ್ಗೆ ನಿನಗೆ ಸ್ಕೂಲು, ನನಗೆ ಆಫೀಸು, ಇವಳಿಗೆ ಫ್ಯಾಕ್ಟರಿ. ಯಾರು ಬರ್ತಿದ್ದರು?" ಎಂದಳು. ಆ ಮಾತು ರಾತ್ರಿಯವರೆಗೂ ಕೊರೆಯಿತು.

ಒಂದೇ ವಸ್ತುವಿಗೆ ಬೇರೆ ಬೇರೆ ಬೆಲೆ ಎಂಬುದು ಹೊಸದೇನಲ್ಲ. ನಾನು ಚಿಕ್ಕವಳಾಗಿದ್ದಾಗ ಮಾಗಡಿಯ ಹತ್ತಿರದ ನಮ್ಮ ಊರಿಗೆ ಬೇಸಿಗೆಯಲ್ಲಿ ಟೂರಿಂಗ್ ಟಾಕೀಸು ಬರುತ್ತಿತ್ತು. ಸಂಜೆ ಮೈಕಿನಲ್ಲಿ ಘಂಟಸಾಲರ ಭಕ್ತಿಗೀತೆ ಕೇಳಿಸಿತೆಂದರೆ ಟಿಕೆಟ್ ಕೊಡಲು ಶುರುವಾಯಿತೆಂದೇ ಲೆಕ್ಕ. ಅಮ್ಮ ಒಲೆಯ ಮೇಲಿನ ಸಾರನ್ನು ಇಳಿಸಿ, ನಮ್ಮ ತಲೆ ಬಾಚಿ, ಓಡುವ ಹೊತ್ತಿಗೆ ನೆಲದ ಟಿಕೆಟ್ ಮುಗಿದಿರುತ್ತದೋ ಎಂದು ಎದೆ ಡವಡವ. ನನ್ನ ನೆನಪಿನಲ್ಲಿ ನೆಲಕ್ಕೆ 50 ಪೈಸೆ, ಬೆಂಚಿಗೆ 80, ಕುರ್ಚಿಗೆ ಒಂದೂಕಾಲು ರೂಪಾಯಿ. ನೆಲ ಎಂದರೆ ಬರಿಯ ಮರಳು. ಮುಂದಿನವರ ತಲೆ ಅಡ್ಡ ಬಂದರೆ ಮರಳನ್ನು ಗುಡ್ಡೆ ಮಾಡಿ ಅದರ ಮೇಲೆ ಕೂರುತ್ತಿದ್ದೆವು. ಹೆಂಗಸರ ಕಡೆಗೆ ಒಂದು ಹಗ್ಗ ಕಟ್ಟಿ ಬೇರೆ ಮಾಡಿರುತ್ತಿದ್ದರು. ದೀಪ ಆರಿದ ಮೇಲೆ ಹುಡುಗರು ನೆಲದಿಂದ ಬೆಂಚಿಗೆ ನುಸುಳುವುದು, ಬ್ಯಾಟರಿ ಹಿಡಿದವನು ಕತ್ತಿನ ಪಟ್ಟಿ ಹಿಡಿದು ಮತ್ತೆ ನೆಲಕ್ಕೆ ತಳ್ಳುವುದು, ಅದೇ ಒಂದು ಉಪಕಥೆ.

ಪಟ್ಟಣದ ಚಿತ್ರಮಂದಿರಗಳಲ್ಲಿ ಇದೇ ನೆಲ ಗಾಂಧಿ ಕ್ಲಾಸ್ ಆಯಿತು. ಅದರ ಹಿಂದೆ ಸೆಕೆಂಡ್ ಕ್ಲಾಸ್, ಆಮೇಲೆ ಫಸ್ಟ್ ಕ್ಲಾಸ್, ಮೇಲೆ ಬಾಲ್ಕನಿ. ಮದುವೆಯಾದ ಹೊಸತರಲ್ಲಿ ನಮ್ಮ ಯಜಮಾನರು ನನ್ನನ್ನು ಮೆಜೆಸ್ಟಿಕ್ಕಿಗೆ ಕರೆದುಕೊಂಡು ಹೋದಾಗ ಹೌಸ್‌ಫುಲ್ ಬೋರ್ಡು ಬಿದ್ದಿತ್ತು. ಪಕ್ಕದಲ್ಲಿ ಬಂದು ನಿಂತ ಬ್ಲಾಕ್ ಟಿಕೆಟ್ಟಿನವನು ಮೊದಲು ನನ್ನ ರೇಷ್ಮೆ ಸೀರೆ ನೋಡಿದ, ಆಮೇಲೆ ಇವರ ಹೊಸ ವಾಚು ನೋಡಿದ, ಆಮೇಲೆ ಬೆಲೆ ಹೇಳಿದ. ನಮ್ಮ ಹಿಂದೆ ನಿಂತಿದ್ದ ಕಾಲೇಜು ಹುಡುಗರಿಗೆ ಹೇಳಿದ್ದು ಅದಕ್ಕಿಂತ ಕಡಿಮೆ. ಹೊಸ ಹೆಂಡತಿಯ ಮುಂದೆ ಚೌಕಾಸಿ ಮಾಡುವ ಗಂಡಸು ಯಾರಿದ್ದಾನೆ? ಅವನು ಯಾವ ಕಾಲೇಜಿನಲ್ಲಿಯೂ ಓದಿದವನಲ್ಲ, ಆದರೆ ಮನುಷ್ಯನ ಮುಖ ನೋಡಿ ಕಿಸೆ ಅಳೆಯುವ ವಿದ್ಯೆ ಅವನಿಗೆ ಸಿದ್ಧಿಸಿತ್ತು.

ಓದಿದವಳು ನಾನು. ಬಿ.ಎ.ಯಲ್ಲಿ ಚರಿತ್ರೆ, ಅರ್ಥಶಾಸ್ತ್ರ, ಕನ್ನಡ ತೆಗೆದುಕೊಂಡಿದ್ದೆ. ಬೆಲೆ ತಾರತಮ್ಯ ಎಂಬ ಅಧ್ಯಾಯ ಏಕಸ್ವಾಮ್ಯದ ಪಾಠದ ಕೊನೆಗೆ ಬರುತ್ತಿತ್ತು. ಐದು ಅಂಕದ ಪ್ರಶ್ನೆ. ಪಿಗೂ ಎಂಬ ಇಂಗ್ಲಿಷ್ ಅರ್ಥಶಾಸ್ತ್ರಜ್ಞರು 1920ರಲ್ಲಿ ಅದನ್ನು ಮೂರು ದರ್ಜೆಯಾಗಿ ಬಿಡಿಸಿದರು. ಪ್ರತಿಯೊಬ್ಬನ ಕಿಸೆ ಅಳೆದು ಅವನು ಕೊಡಬಲ್ಲಷ್ಟನ್ನೂ ಕೀಳುವುದು ಮೊದಲನೆಯದು. ನಮ್ಮ ಬ್ಲಾಕ್ ಟಿಕೆಟ್ಟಿನವನು ಈ ಜಾತಿಯವನು. ಎರಡನೆಯದರಲ್ಲಿ ಮಾರುವವನು ಬೆಲೆಯ ಮೆಟ್ಟಿಲುಗಳನ್ನಷ್ಟೇ ಕಟ್ಟುತ್ತಾನೆ, ಯಾವುದರ ಮೇಲೆ ನಿಲ್ಲಬೇಕೆಂಬುದು ನಮ್ಮ ಆಯ್ಕೆ. ಇಷ್ಟು ಕೊಂಡರೆ ಇಷ್ಟು ಬೆಲೆ ಎಂಬ ಲೆಕ್ಕ ಅದು. ಸಿನಿಮಾದ ತರಗತಿಗಳನ್ನೂ ಈಗ ಇದಕ್ಕೇ ಸೇರಿಸುತ್ತಾರೆ. ವಿದ್ಯಾರ್ಥಿಗೊಂದು, ಮುದುಕರಿಗೊಂದು ಎಂದು ಗುಂಪು ನೋಡಿ ಹೇಳುವುದು ಮೂರನೆಯದು. ಕಡಿಮೆ ಬೆಲೆಗೆ ಕೊಂಡವನು ಅದನ್ನು ಇನ್ನೊಬ್ಬನಿಗೆ ಮಾರುವಂತಿರಬಾರದು. ನಮ್ಮ ಟೆಂಟಿನ ಬ್ಯಾಟರಿಯವನ ಕೆಲಸವೇ ಅದು. ಪರೀಕ್ಷೆಯಲ್ಲಿ ಎಲ್ಲವನ್ನೂ ಬರೆದೆ, ಐದಕ್ಕೆ ನಾಲ್ಕು ಬಂತು. ಇದು ಸರಿಯೋ ತಪ್ಪೋ ಎಂದು ನಮ್ಮನ್ನು ಯಾರೂ ಕೇಳಲಿಲ್ಲ.

ಸಿನಿಮಾದಂಥ ವಸ್ತುವಿಗೆ ಈ ತಾರತಮ್ಯ ಯಾಕೆ ಅಷ್ಟು ಒಗ್ಗುತ್ತದೆ ಎಂಬುದನ್ನು ನಾವು ಹೆಂಗಸರು ಸುಲಭವಾಗಿ ಅರ್ಥ ಮಾಡಿಕೊಳ್ಳಬಹುದು. ಸೀರೆ ಅಂಗಡಿಯವನು ಇಂದು ಮಾರದ ಸೀರೆಯನ್ನು ನಾಳೆ ಮಾರುತ್ತಾನೆ. ಇಂದಿನ ಆಟದಲ್ಲಿ ಖಾಲಿ ಉಳಿದ ಸೀಟನ್ನು ನಾಳೆ ಮಾರಲು ಬರುವುದಿಲ್ಲ. ಸಿನಿಮಾ ತೆಗೆಯಲು ಕೋಟಿಗಟ್ಟಲೆ ಖರ್ಚಾಗಿದೆ ನಿಜ, ಆದರೆ ನೂರು ಜನ ನೋಡುತ್ತಿರುವಲ್ಲಿ ನೂರಾ ಒಂದನೆಯವಳು ಬಂದು ಕೂತರೆ ಹೆಚ್ಚಿನ ಖರ್ಚು ಎಂಬುದೇ ಇಲ್ಲ. ಆದ್ದರಿಂದ 380 ಕೊಡುವವರಿಂದ 380, 150 ಮಾತ್ರ ಕೊಡಬಲ್ಲವರಿಂದ 150 ತೆಗೆದುಕೊಂಡರೆ ಎಲ್ಲರಿಗೂ ಸಿನಿಮಾ ಸಿಕ್ಕಿತು, ನಿರ್ಮಾಪಕನಿಗೂ ಅಸಲು ಹುಟ್ಟಿತು. ಒಂದೇ ಬೆಲೆ ಇಟ್ಟಿದ್ದರೆ 150 ರೂಪಾಯಿಯವಳು ಹೊರಗೇ ಉಳಿಯುತ್ತಿದ್ದಳು. ಉಳ್ಳವನ ಕುರ್ಚಿಯ ದುಡ್ಡಿನಿಂದ ಇಲ್ಲದವಳ ನೆಲ. ಕೇಳುವುದಕ್ಕೆ ಧರ್ಮದ ಮಾತಿನಂತೆಯೇ ಇದೆ.

ಇದನ್ನು ನಾನು ಅಣಕಕ್ಕೆ ಹೇಳುತ್ತಿಲ್ಲ. ನಾನೇ ಹಾಗೆ ಮಾಡಿದವಳು. ಮದುವೆಯಾಗಿ ಆನೇಕಲ್ಲಿಗೆ ಬಂದಾಗ ನನಗಿನ್ನೂ ಕೆಲಸ ಸಿಕ್ಕಿರಲಿಲ್ಲ, ಮನೆಯಲ್ಲಿ ಟ್ಯೂಷನ್ ಮಾಡುತ್ತಿದ್ದೆ. ಬ್ಯಾಂಕಿನ ಮ್ಯಾನೇಜರರ ಮಗನಿಗೆ ತಿಂಗಳಿಗೆ 100 ರೂಪಾಯಿ, ಮಗ್ಗದವರ ಮಗಳಿಗೆ 25. ಒಂದು ದಿನ ಮ್ಯಾನೇಜರರ ಹೆಂಡತಿಗೆ ಇದು ಗೊತ್ತಾಯಿತು. "ಪಾಠ ಒಂದೇ, ಟೀಚರು ಒಬ್ಬರೇ, ನಮಗೆ ಮಾತ್ರ ನಾಲ್ಕರಷ್ಟು ಯಾಕ್ರೀ?" ಎಂದು ಬಾಗಿಲಲ್ಲೇ ಕೇಳಿದರು. ಅವರದು ನ್ಯಾಯವಾದ ಪ್ರಶ್ನೆಯೇ. ಉತ್ತರವೂ ನನ್ನ ಹತ್ತಿರ ಇತ್ತು: ನಿಮಗೆ ಕೊಡಲು ಆಗುತ್ತದೆ, ಅವರಿಗೆ ಆಗುವುದಿಲ್ಲ. ಆದರೆ ಹೊಸ ಊರು, ಹೊಸ ಸೊಸೆ, ಬಾಯಿ ಬರಲಿಲ್ಲ. ಬದಲಿಗೆ ಒಂದು ಉಪಾಯ ಮಾಡಿದೆ. ಮನೆಯಲ್ಲಿ ಎರಡು ಬೆಂಚು ಇದ್ದವು. ಹೆಚ್ಚು ಕೊಡುವ ಮಕ್ಕಳನ್ನು ಫ್ಯಾನಿನ ಕೆಳಗೆ ಬೆಂಚಿನ ಮೇಲೆ ಕೂರಿಸಿದೆ. ಉಳಿದವರಿಗೆ ಬಾಗಿಲ ಹತ್ತಿರ ಚಾಪೆ. ಮ್ಯಾನೇಜರರ ಹೆಂಡತಿಗೆ ಸಮಾಧಾನವಾಯಿತು. ನೂರು ರೂಪಾಯಿಗೆ ಒಂದು ಕಾರಣ ಕಣ್ಣಿಗೆ ಕಂಡಿತಲ್ಲ.

ವಾರ ಕಳೆದ ಮೇಲೆ ಮಗ್ಗದವರ ಹುಡುಗಿ ನನ್ನ ಹತ್ತಿರ ಬಂದು, "ಮಿಸ್, ನಾನು ಎಲ್ಲಾ ಲೆಕ್ಕ ಸರಿ ಮಾಡಿದ್ರೆ ಬೆಂಚಿಗೆ ಹೋಗಬಹುದಾ?" ಎಂದು ಕೇಳಿದಳು. ಬೆಂಚು ಜಾಣರಿಗೆ ಕೊಡುವ ಬಹುಮಾನ ಎಂದು ಆ ಮಗು ತಿಳಿದಿತ್ತು. ನಾನು ಹೂಂ ಎಂದೆ. ಮಾರನೆಯ ದಿನ ಅವಳು ಹತ್ತಕ್ಕೆ ಹತ್ತೂ ಸರಿ ಮಾಡಿ ಸ್ಲೇಟನ್ನು ನನ್ನ ಮುಂದೆ ಹಿಡಿದಳು. ಬೆಂಚುಗಳನ್ನು ಅಂದೇ ಹಿತ್ತಲಿಗೆ ಹಾಕಿದೆ ಎಂದು ಬರೆಯಲು ಆಸೆಯಾಗುತ್ತದೆ. ಹಾಗೆ ಮಾಡಲಿಲ್ಲ. "ನಾಳೆ ನೋಡೋಣ ಕಣೇ," ಎಂದೆ. ಅವಳು ಇನ್ನೆರಡು ದಿನ ಬಂದಳು, ಆಮೇಲೆ ಬರಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಮಗಳ ಎಂ.ಬಿ.ಎ. ಪುಸ್ತಕದಲ್ಲಿ ಒಂದು ವಿಷಯ ಓದಿ ಬೆಚ್ಚಿಬಿದ್ದೆ. ಫ್ರಾನ್ಸಿನಲ್ಲಿ ಜೂಲ್ ದ್ಯುಪ್ವೀ ಎಂಬ ಎಂಜಿನಿಯರರು 1849ರಲ್ಲಿ ರೈಲಿನ ಮೂರನೆಯ ದರ್ಜೆಯ ಗಾಡಿಗಳ ಬಗ್ಗೆ ಬರೆದದ್ದು. ಆ ಗಾಡಿಗಳಿಗೆ ಮಾಡೇ ಇರುತ್ತಿರಲಿಲ್ಲವಂತೆ, ಕೂರುವ ಹಲಗೆಗಳಿಗೆ ಮೆತ್ತೆಯಿಲ್ಲ. ಮಾಡು ಹಾಕಿಸಲು ಕಂಪನಿಗೆ ದುಡ್ಡಿರಲಿಲ್ಲವೆಂದಲ್ಲ, ಅದರ ಖರ್ಚು ಅಲ್ಪವೇ. ಬಡವನನ್ನು ನೋಯಿಸಬೇಕೆಂಬ ದ್ವೇಷವೂ ಇರಲಿಲ್ಲ. ಮಾಡು ಹಾಕಿಬಿಟ್ಟರೆ ಎರಡನೆಯ ದರ್ಜೆಗೆ ದುಡ್ಡು ಕೊಡಬಲ್ಲವನೂ ಮೂರನೆಯದಕ್ಕೇ ಬಂದು ಕೂತುಬಿಟ್ಟಾನು ಎಂಬ ಭಯ. ಉಳ್ಳವನನ್ನು ಹೆದರಿಸಲು ಇಲ್ಲದವನನ್ನು ಮಳೆಯಲ್ಲಿ ನೆನೆಸುವುದು. ಓದಿದೊಡನೆ ನನ್ನ ಬೆಂಚು, ಚಾಪೆ ಕಣ್ಣ ಮುಂದೆ ಬಂದವು. 25 ರೂಪಾಯಿ ತೆಗೆದುಕೊಂಡದ್ದರಲ್ಲಿ ನನ್ನ ತಪ್ಪಿರಲಿಲ್ಲ. ಆ 25 ರೂಪಾಯಿ ಕೆಳಗಿನದು ಎಂದು ದಿನವೂ ಕಾಣುವಂತೆ ಮಾಡಿದೆನಲ್ಲ, ಅದು.

ಈ ಮಾಡು ತೆಗೆಯುವ ವಿದ್ಯೆ ಈಗ ಮನೆಯೊಳಗೂ ಬಂದಿದೆ. ನೆಟ್‌ಫ್ಲಿಕ್ಸ್ ಕಂಪನಿ ನಮ್ಮ ದೇಶದಲ್ಲಿ 2019ರ ಜುಲೈನಲ್ಲಿ ಮೊಬೈಲಿಗೆ ಮಾತ್ರ ಎಂಬ ಯೋಜನೆಯನ್ನು ತಿಂಗಳಿಗೆ 199 ರೂಪಾಯಿಗೆ ತಂದಿತು. 2021ರ ಡಿಸೆಂಬರಿನಲ್ಲಿ ಅದನ್ನು 149ಕ್ಕೆ ಇಳಿಸಿದರು. ನಾಲ್ಕು ಪರದೆಯಲ್ಲಿ ನೋಡಬಹುದಾದದ್ದಕ್ಕೆ ಆಗ 649. ಸಿನಿಮಾಗಳು ಅವೇ, ಬರುವ ದಾರಿಯೂ ಅದೇ. ಅಗ್ಗದ್ದರಲ್ಲಿ ಚಿತ್ರದ ಸ್ಪಷ್ಟತೆ ಕಡಿಮೆ, ಒಂದು ಸಲಕ್ಕೆ ಒಂದೇ ಪರದೆ, ಟಿ.ವಿ.ಯಲ್ಲಿ ಬರುವುದಿಲ್ಲ. ಬರದ ಹಾಗೆ ಮಾಡಿದ್ದಾರೆ ಎನ್ನುವುದೇ ಸರಿ. 649 ಕೊಡಬಲ್ಲವನು 149ಕ್ಕೆ ಇಳಿಯಬಾರದಲ್ಲ. ನ್ಯಾಯಕ್ಕೆ ಹೇಳಬೇಕೆಂದರೆ 149 ಇಲ್ಲದಿದ್ದರೆ ಎಷ್ಟೋ ಜನಕ್ಕೆ ಅದೂ ಇರುತ್ತಿರಲಿಲ್ಲ. ಆದರೂ ನಮ್ಮ ಮಹಡಿಯ ಕೋಣೆಯಲ್ಲಿ ರಾತ್ರಿ ನಾಲ್ಕು ಚಾಪೆಗಳ ಮೇಲೆ, ನಾಲ್ಕು ಹೊದಿಕೆಗಳ ಒಳಗೆ, ನಾಲ್ಕು ಪುಟ್ಟ ಬೆಳಕುಗಳು ಉರಿಯುವುದನ್ನು ನೀರಿನ ಟ್ಯಾಂಕು ನೋಡಲು ಹೋದಾಗ ಕಂಡಿದ್ದೇನೆ. ಟೆಂಟಿನ ಮರಳಿನ ಮೇಲೆ ನಾವು ಅತ್ತರೂ ಒಟ್ಟಿಗೆ ಅಳುತ್ತಿದ್ದೆವು. ಇವರಿಗೆ ತೆಗೆದ ಮಾಡು ಅದೇ ಇರಬೇಕು.

ದೇಶ ದೇಶಗಳ ನಡುವೆಯೂ ಈ ಹಗ್ಗ ಕಟ್ಟಿರುತ್ತಾರೆ. 2003ರಲ್ಲಿ ನನ್ನ ಅಣ್ಣ ಅಮೆರಿಕದಿಂದ ಬರುವಾಗ ಮಗಳಿಗೆಂದು ಮಕ್ಕಳ ಸಿನಿಮಾದ ಒಂದು ಡಿವಿಡಿ ತಂದಿದ್ದ. ನಮ್ಮ ಪೆಟ್ಟಿಗೆಗೆ ಹಾಕಿದರೆ ಇದು ಈ ಪ್ರದೇಶಕ್ಕಲ್ಲ ಎಂದು ತೋರಿಸಿ ಉಗುಳಿಬಿಟ್ಟಿತು. ಡಿವಿಡಿ ಮಾಡುವವರು ಜಗತ್ತನ್ನು ಪ್ರದೇಶಗಳಾಗಿ ಹಂಚಿಕೊಂಡಿದ್ದರಂತೆ. ಅಮೆರಿಕ ಒಂದನೆಯದು, ನಾವು ಐದನೆಯದು. ಅಲ್ಲಿನ ಬೆಲೆ ಅಲ್ಲಿ, ಇಲ್ಲಿನದು ಇಲ್ಲಿ, ನಡುವೆ ನುಸುಳದಂತೆ ಒಬ್ಬ ಬ್ಯಾಟರಿಯವನನ್ನು ಪೆಟ್ಟಿಗೆಯೊಳಗೇ ಕೂರಿಸಿದ್ದರು. ಮಗು ಅತ್ತಿತು. ಡಿವಿಡಿಯನ್ನು ಕಾಗೆ ಬೆದರಿಸಲು ಸೀಬೆ ಗಿಡಕ್ಕೆ ಕಟ್ಟಿದೆವು.

ಇರಲಿ, ಮತ್ತೆ ಚಿತ್ರಮಂದಿರಕ್ಕೆ ಬರುತ್ತೇನೆ. ಸರ್ಕಾರ ಇದಕ್ಕೆ ಒಂದು ಮದ್ದು ಹುಡುಕಿತ್ತು, ನೀವೂ ಪತ್ರಿಕೆಯಲ್ಲಿ ಓದಿರುತ್ತೀರಿ. 2017ರಲ್ಲಿ ಒಮ್ಮೆ ಮಲ್ಟಿಪ್ಲೆಕ್ಸುಗಳ ಟಿಕೆಟ್ 200 ರೂಪಾಯಿ ಮೀರಬಾರದೆಂದು ಆದೇಶವಾಗಿತ್ತು, ಅದು ನಿಲ್ಲಲಿಲ್ಲ. ಸಿದ್ದರಾಮಯ್ಯನವರು 2025ರ ಮಾರ್ಚಿನಲ್ಲಿ ಮಂಡಿಸಿದ ಬಜೆಟ್ಟಿನಲ್ಲಿ ಮತ್ತೆ ಅದೇ ಮಾತು ಬಂತು. ಸೆಪ್ಟೆಂಬರ್ 12ರಂದು ನಿಯಮವೂ ಹೊರಬಿತ್ತು: ತೆರಿಗೆ ಬಿಟ್ಟು 200 ರೂಪಾಯಿಗಿಂತ ಹೆಚ್ಚಿಲ್ಲ, ಯಾವ ಭಾಷೆಯ ಚಿತ್ರವಾದರೂ. ಎಪ್ಪತ್ತೈದು ಅಥವಾ ಅದಕ್ಕಿಂತ ಕಡಿಮೆ ಸೀಟಿನ ಐಷಾರಾಮಿ ಪರದೆಗಳಿಗೆ ಮಾತ್ರ ವಿನಾಯಿತಿ. ಮಲ್ಟಿಪ್ಲೆಕ್ಸಿನವರೂ ನಿರ್ಮಾಪಕರೂ ಹೈಕೋರ್ಟಿಗೆ ಹೋದರು. ಬೆಲೆ ಇಡುವುದು ನಮ್ಮ ವ್ಯಾಪಾರದ ಸ್ವಾತಂತ್ರ್ಯ ಎಂದು ಅವರ ವಾದ. ಸೆಪ್ಟೆಂಬರ್ 23ರಂದು ಮಧ್ಯಂತರ ತಡೆ ಸಿಕ್ಕಿತು. ಮಾರಿದ ಟಿಕೆಟ್ಟುಗಳ ಲೆಕ್ಕ ಇಡಬೇಕು, ಸೋತರೆ ಹೆಚ್ಚಿನ ಹಣ ಹಿಂತಿರುಗಿಸಬೇಕು ಎಂದು ವಿಭಾಗೀಯ ಪೀಠ ಹೇಳಿತು. ಆ ಷರತ್ತಿಗೆ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ನೀರಿನ ಬಾಟಲಿಗೆ 100, ಕಾಫಿಗೆ 700 ತೆಗೆದುಕೊಳ್ಳುತ್ತೀರಲ್ಲ ಎಂದು ಅಲ್ಲಿನ ನ್ಯಾಯಮೂರ್ತಿಗಳೇ ಕೇಳಿದರಂತೆ. ಅದನ್ನು ಓದಿ ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹಿತವಾಯಿತು. ಹೊರಗಿನ ತಿಂಡಿ ತರಬೇಡಿ ಎನ್ನುವ ಹಕ್ಕು ಚಿತ್ರಮಂದಿರಕ್ಕಿದೆ, ಕುಡಿಯುವ ನೀರನ್ನು ಮಾತ್ರ ಪುಕ್ಕಟೆ ಕೊಡಬೇಕು ಎಂದು 2023ರ ಜನವರಿಯಲ್ಲಿ ಅದೇ ನ್ಯಾಯಾಲಯ ಹೇಳಿತ್ತು. ಇದನ್ನು ತಿಳಿದೂ ಬ್ಯಾಗಿನ ತಳದಲ್ಲಿ ಕೋಡುಬಳೆ ಇಟ್ಟುಕೊಂಡು ಹೋಗುವ ತಾಯಂದಿರಲ್ಲಿ ನಾನೂ ಒಬ್ಬಳು. ಜೋಳದ ಅರಳಿನ ಬೆಲೆಯೂ ಒಂದು ನೆಲ–ಬೆಂಚೇ. ಒಬ್ಬನೇ ಬಂದವನು ಬಾಯಿ ಕಟ್ಟಿಕೊಂಡು ಕೂರುತ್ತಾನೆ, ಮಕ್ಕಳನ್ನು ಕರೆದುಕೊಂಡು ಬಂದವಳು ತೆರುತ್ತಾಳೆ.

200 ರೂಪಾಯಿಯ ಮಿತಿಯ ಪರವಾಗಿ ನಾನು ಕೈ ಎತ್ತುವವಳೇ. ಆದರೂ ಒಂದು ಅನುಮಾನ. ಮೇಲಿನ ಬೆಲೆಯನ್ನು ಕತ್ತರಿಸಿದರೆ ಕೆಳಗಿನ ಬೆಲೆ ಅಲ್ಲೇ ಇರುತ್ತದೆಯೇ? ಮಂಗಳವಾರದ 150 ಕೂಡ ಮೆಲ್ಲಗೆ 200ರ ಹತ್ತಿರಕ್ಕೆ ಏರಿ ಕೂತರೆ? ತೆರಿಗೆಯಲ್ಲಂತೂ ಸರ್ಕಾರವೇ ತರಗತಿ ಮಾಡಿದೆ. 2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿಯವರೆಗಿನ ಟಿಕೆಟ್ಟಿಗೆ ಶೇಕಡಾ 5, ಅದಕ್ಕಿಂತ ಮೇಲೆ ಶೇಕಡಾ 18. ಆದ್ದರಿಂದ ಎಲ್ಲರಿಗೂ ಒಂದೇ ಬೆಲೆ ಎಂಬುದರಲ್ಲಿ ನನಗೆ ಅಷ್ಟು ನಂಬಿಕೆ ಇಲ್ಲ. ನನ್ನನ್ನು ಕೊರೆಯುತ್ತಿರುವುದು ಬೇರೆ.

ಮಾರುವವನಿಗೆ ನಮ್ಮ ಕಿಸೆ ಕಾಣುವುದಿಲ್ಲ. ಅವನು ಯಾವುದಾದರೊಂದು ಗುರುತು ಹಿಡಿಯಬೇಕು. ಟೆಂಟಿನವನು ಹಿಡಿದ ಗುರುತು ಕೂರುವ ಜಾಗ. ನಮ್ಮ ಬಸ್ಸಿನಲ್ಲಿ 2023ರ ಜೂನಿನಿಂದ ಶಕ್ತಿ ಯೋಜನೆ ಹಿಡಿದಿರುವ ಗುರುತು ಹೆಣ್ಣು ಎಂಬುದು. ಸಂಬಳ ತರುವ ನನಗೂ ಪುಕ್ಕಟೆ, ನನ್ನ ಪಕ್ಕ ಕೂರುವ ಹೂ ಮಾರುವವಳಿಗೂ ಪುಕ್ಕಟೆ. ಅದರಲ್ಲಿ ಕೊರತೆ ಹುಡುಕಬಹುದು, ಆದರೆ ಹೂವಿನವಳು ತಪ್ಪಿಹೋಗುವುದಿಲ್ಲ. ಮಲ್ಟಿಪ್ಲೆಕ್ಸು ಹಿಡಿದಿರುವ ಗುರುತು ದಿನ ಮತ್ತು ಗಂಟೆ. ಭಾನುವಾರ ಬಂದವನು ಹೆಚ್ಚು ಕೊಡಬಲ್ಲ, ಮಂಗಳವಾರ ಬೆಳಿಗ್ಗೆ ಬಂದವನ ಕಿಸೆ ತೆಳು ಎಂದು ಅದರ ಲೆಕ್ಕ. ಈ ಲೆಕ್ಕ ನಮ್ಮ ಬೀದಿಗೆ ಕೂಡುವುದೇ ಇಲ್ಲ. ರಜೆ ಹಾಕಬಲ್ಲವನು, ಮನೆಯಿಂದಲೇ ಕಂಪ್ಯೂಟರಿನಲ್ಲಿ ಕೆಲಸ ಮಾಡುವವನು ಮಂಗಳವಾರ ಹನ್ನೊಂದು ಗಂಟೆಗೆ ಎದ್ದು ಹೋಗಬಹುದು. ಗಾರ್ಮೆಂಟ್ಸಿನವಳಿಗೆ ವಾರದಲ್ಲಿ ಇರುವುದು ಒಂದೇ ಭಾನುವಾರ, ಅದರಲ್ಲೂ ಅರ್ಧ ದಿನ ಬಟ್ಟೆ, ಅರ್ಧ ದಿನ ಅಕ್ಕಿ ಆರಿಸುವುದು. ಬಿಡುವು ಎಂಬುದೂ ಒಂದು ಐಶ್ವರ್ಯ. ಅದಿಲ್ಲದವಳನ್ನು ಉಳ್ಳವಳು ಎಂದು ತಪ್ಪು ತಿಳಿದು 380 ಕೇಳಿದರೆ?

ಹಿಂದೆ ಮ್ಯಾಟಿನಿಗೆ ಹೆಂಗಸರೇ ತುಂಬುತ್ತಿದ್ದರು, ನೆನಪಿದೆಯೇ? ಮಕ್ಕಳು ಶಾಲೆಗೆ, ಗಂಡ ಆಫೀಸಿಗೆ, ಬಾಗಿಲಿಗೆ ಬೀಗ, ಅಕ್ಕಪಕ್ಕದವರು ಕೂಡಿ ಹೊರಟರು. ಹೊರಗೆ ದುಡಿಯುವ ಹೆಂಗಸಿಗೆ ಆ ಮಧ್ಯಾಹ್ನ ಇಲ್ಲ.

ಟೆಂಟಿನ ನೆಲವನ್ನು ನಾನು ಹೊಗಳಲಾರೆ. ಕುರ್ಚಿಯಲ್ಲಿ ಕೂತ ಶಾನುಭೋಗರ ಮಗಳು ಮರುದಿನ ಶಾಲೆಯಲ್ಲಿ ನನ್ನ ಲಂಗಕ್ಕೆ ಅಂಟಿದ ಮರಳನ್ನು ಎಲ್ಲರಿಗೂ ತೋರಿಸಿದ್ದಳು. ಆ ಉರಿ ಇನ್ನೂ ಇದೆ. ಆದರೆ ಒಂದು ಮಾತು ಮಾತ್ರ ನಿಜ. ನೆಲ ಪ್ರತಿ ಆಟಕ್ಕೂ ಇತ್ತು. ಭಾನುವಾರದ ಆಟಕ್ಕೂ, ಹಬ್ಬದ ಆಟಕ್ಕೂ, ಹೊಸ ಚಿತ್ರದ ಮೊದಲ ದಿನಕ್ಕೂ. ಅಮ್ಮನಿಗೆ ಬಿಡುವಾದ ಹೊತ್ತಿಗೆ 50 ಪೈಸೆಯ ಜಾಗ ಅಲ್ಲೇ ಕಾಯುತ್ತಿತ್ತು. ಈಗ ಮರಳಿಲ್ಲ, ಎಲ್ಲರಿಗೂ ಮೆತ್ತನೆಯ ಕುರ್ಚಿ, ಯಾರೂ ಯಾರ ಲಂಗವನ್ನೂ ನೋಡುವುದಿಲ್ಲ. ನೆಲವನ್ನು ಮಾತ್ರ ಎತ್ತಿ ಮಂಗಳವಾರಕ್ಕೆ ಹಾಕಿದ್ದಾರೆ. ಪ್ರತಿ ಆಟದಲ್ಲೂ, ಭಾನುವಾರವೂ ಸೇರಿ, ಹತ್ತರಲ್ಲಿ ಒಂದು ಸೀಟಾದರೂ ಕಡಿಮೆ ಬೆಲೆಗೆ ಇರಲಿ, ಅದೂ ಉಳಿದವುಗಳಂಥದೇ ಕುರ್ಚಿಯಾಗಿರಲಿ ಎಂದು ನನ್ನನ್ನು ಯಾರಾದರೂ ಕೇಳಿದರೆ ಹೇಳುತ್ತೇನೆ. ವ್ಯಾಪಾರದವರು ನಕ್ಕಾರು. ಹಾಗೆ ಇಟ್ಟರೆ ಕಾರಿನಲ್ಲಿ ಬಂದವನೇ ಮೊದಲು ಆ ಸೀಟನ್ನು ಫೋನಿನಲ್ಲಿ ಹಿಡಿಯುತ್ತಾನೆ ಎಂದು ಮಗಳು ಆಗಲೇ ನಕ್ಕಿದ್ದಾಳೆ. ಅವಳಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ.

ಇನ್ನು ಆ 260 ರೂಪಾಯಿ. ನವೆಂಬರಿನಲ್ಲಿ ಸಂಬಳವಾದ ಸಂಜೆ ಹುಡುಗಿ ಕೆಳಗಿಳಿದು ಬಂದು ಲಕೋಟೆಯನ್ನು ನನ್ನ ಕೈಗಿಟ್ಟಳು. ಏನಿದು ಎಂದೆ. "ಅಲ್ಲೆ ಗ್ವಾಡಿ ಮ್ಯಾಲಿನ ಟೀವ್ಯಾಗ ರೇಟು ಹಾಕಿದ್ರಲ್ರೀ ಮೇಡಂ. ನನಗೂ ಓದಾಕ ಬರ್ತೈತಿ," ಎಂದಳು. ನನ್ನ ಮುಖ ಸುಟ್ಟಂತಾಯಿತು. ನಿನಗೆ ಭಾರವಾಗಬಾರದೂಂತ ಎಂದು ಏನೋ ತೊದಲಿದೆ. ಅವಳು ಸಿಟ್ಟಾಗಿರಲಿಲ್ಲ. ಮೆಟ್ಟಿಲ ಮೇಲೆ ನಿಂತು, "ಭಾರ ಆಕ್ಕೈತಿ ಅಂತ ನನಗ ಕೇಳ್ಬೇಕಿತ್ತಲ್ರೀ. ನನ್ನ ಕಿಸೇದಾಗ ಎಷ್ಟೈತಿ ಅಂತ ನೀವ ಲೆಕ್ಕ ಹಾಕಿಬಿಟ್ರಿ," ಎಂದಷ್ಟೇ ಹೇಳಿ ಹತ್ತಿಹೋದಳು.

ಬ್ಲಾಕ್ ಟಿಕೆಟ್ಟಿನವನು ನನ್ನ ಸೀರೆ ನೋಡಿ ಬೆಲೆ ಹೇಳಿದ್ದ. ನಾನು ಅವಳ ಚಪ್ಪಲಿ ನೋಡಿ ಹೇಳಿದ್ದೆ. ಅವನು ಏರಿಸಿದ, ನಾನು ಇಳಿಸಿದೆ. ನೋಡಿದ ನೋಟ ಒಂದೇ. ಮಗ್ಗದವರ ಹುಡುಗಿಯನ್ನು ಚಾಪೆಯ ಮೇಲೆ ಕೂರಿಸಿದವಳು ಮೂವತ್ತು ವರ್ಷದ ಮೇಲೆ ಈ ಹುಡುಗಿಯನ್ನೂ ಅವಳಿಗೆ ಗೊತ್ತಿಲ್ಲದ ಹಾಗೆ ಒಂದು ಚಾಪೆಯ ಮೇಲೆ ಕೂರಿಸಿದ್ದೆನೆ? ಹೋಲಿಕೆ ಅತಿಯಾಯಿತು ಎಂದು ಮಗಳು ಹೇಳುತ್ತಾಳೆ. ಕೆಟ್ಟ ಬುದ್ಧಿಯಿಂದ ಮಾಡಿದ್ದಲ್ಲವಲ್ಲ ಎನ್ನುತ್ತಾಳೆ. ಇರಬಹುದು. ದುಡ್ಡನ್ನು ಹಿಂದಕ್ಕೆ ಕೊಟ್ಟರೆ ಇನ್ನೊಂದು ಸಲ ಅವಳ ಕಿಸೆಯನ್ನು ನಾನೇ ಅಳೆದಂತಾಗುತ್ತದೆ. ಇಟ್ಟುಕೊಂಡರೆ ಅವಳ ಅರ್ಧ ದಿನದ ಹೊಲಿಗೆ ನನ್ನ ದೇವರ ಗೂಡಿನಲ್ಲಿ ಕೂತಿರುತ್ತದೆ.

ಹೋದ ವಾರ ನೀರು ಬಿಡುವ ಹೊತ್ತಿನಲ್ಲಿ ಅವಳು ಬಿಂದಿಗೆ ಹಿಡಿದು ನಿಂತವಳು, "ಮೇಡಂ, ಇನ್ನೊಂದು ಪಿಚ್ಚರ್ ಬಂದೈತ್ರೀ. ಈ ಸಲ ಟಿಕೀಟು ನಾ ತಗೀತೀನಿ. ನೀವು ನೂರಾ ಇಪ್ಪತ್ತು ಕೊಡ್ರಿ, ಸಾಕು," ಎಂದಳು. ನಗುತ್ತಿದ್ದಳು. ನಾನೂ ನಕ್ಕು, ಆಗಲಮ್ಮ, ಯಾವತ್ತು ಎಂದು ಕೇಳಿದೆ.

"ಐತವಾರನ ರೀ," ಎಂದಳು. "ಮತ್ತ್ಯಾವಾಗ?"